ಫ್ಯಾನಿನ ಕೆಳಗಿನ ಗಳು

ಕತ್ರಿಗುಪ್ಪೆಯ ಆ ಮನೆಯ ಬಚ್ಚಲಲ್ಲಿ ಬಕೆಟ್ಟು ಇಟ್ಟರೆ ಒಗೆಯುವವರಿಗೆ ಜಾಗವಿಲ್ಲ. ಆದ್ದರಿಂದ ವಾರಿಜಾ ಬಕೆಟ್ಟನ್ನು ಅಡುಗೆಮನೆಯಲ್ಲಿಟ್ಟು, ತಾನು ಬಚ್ಚಲೊಳಗೆ ಕೂತು, ಒಂದೊಂದೇ ಬಟ್ಟೆಯನ್ನು ಎಳೆದುಕೊಂಡು ಒಗೆಯುತ್ತಿದ್ದಳು. ಮಳೆಗಾಲದಲ್ಲಿ ಬೇಗ ಒಣಗುವ ಜಾಗ ಒಂದೇ: ನಡುಮನೆಯ ಫ್ಯಾನಿನ ಕೆಳಗೆ ತೂಗುಹಾಕಿದ ಬಿದಿರಿನ ಗಳು. ಅದು ಅವಳ ಅತ್ತೆ ಪಾರ್ವತಮ್ಮನವರ ಮಡಿಸೀರೆಗೆ ಮೀಸಲು. ಅವರು ಸ್ನಾನ ಮಾಡಿ ಬಂದು, ಕೋಲಿನಿಂದ ತಾವೇ ಇಳಿಸಿ ಉಟ್ಟು ಪೂಜೆಗೆ ಕೂರುವವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಆ ಭಾನುವಾರ ಬೆಳಗಿನಿಂದ ಜಡಿಮಳೆ. ಮಗಳ ಖೋ-ಖೋ ಜೆರ್ಸಿಯನ್ನು ವಾರಿಜಾ ಸೋಪಿನ ನೀರಿಗೆ ಅದ್ದಿದ್ದಳಷ್ಟೆ, ಸಮನ್ವಿತಾ ಫೋನು ಹಿಡಿದು ಓಡಿಬಂದಳು.

“ಅಮ್ಮಾ, ಕೋಚ್ ಭೀಮೇಶ್ ಸಾರ್ ಫೋನ್ ಮಾಡಿದ್ರು. ನಾಳೆಯ ಡಿಸ್ಟ್ರಿಕ್ಟ್ ಸೆಲೆಕ್ಷನ್ ಇವತ್ತೇ ಅಂತೆ. ಮಳೆ ಅಂತ ಇಂಡೋರ್ ಹಾಲ್ ತಗೊಂಡಿದಾರೆ, ಅದು ಇವತ್ತು ಮಾತ್ರ ಸಿಗೋದಂತೆ. ಹನ್ನೆರಡಕ್ಕೆ ಅಲ್ಲಿರ್ಬೇಕು. ನಂಬರ್ ಜೆರ್ಸಿ ಇಲ್ದಿದ್ರೆ ಒಳಗೇ ಬಿಡಲ್ವಂತೆ.” ಹೇಳುತ್ತಲೇ ಅವಳ ಕಣ್ಣು ಬಕೆಟ್ಟಿನ ಮೇಲೆ ಬಿತ್ತು. “ಅಮ್ಮಾ, ಅದರಲ್ಲಿರೋದು...”

“ಅದೇ,” ಎಂದಳು ವಾರಿಜಾ. “ಅಳೋಕೆ ಟೈಮಿಲ್ಲ ಪುಟ್ಟಿ. ಹಿಂಡೋಣ ಬಾ.”

ಜೆರ್ಸಿಯನ್ನು ಜಾಲಿಸಿ, ತಾಯಿ ಬಚ್ಚಲಲ್ಲಿ, ಮಗಳು ಒಲೆಯ ಪಕ್ಕದಲ್ಲಿ ನಿಂತು ತಿರುಚಿದರು. ಒಣ ಟವೆಲ್ಲಿನಲ್ಲಿ ಸುತ್ತಿ ಇಬ್ಬರೂ ಹತ್ತಿ ತುಳಿದರು. ಇಸ್ತ್ರಿ ಇಟ್ಟರೆ ಪ್ಲಾಸ್ಟಿಕ್ಕಿನ ನಂಬರು ಕರಗುತ್ತದೆ. ಕುರ್ಚಿಯ ಮೇಲೆ ಹಾಕಿದರೆ ಸಂಜೆಯಾದರೂ ಒಣಗದು. ಇಬ್ಬರ ಕಣ್ಣೂ ತಾನಾಗಿ ಮೇಲೆ ಹೋಯಿತು.

“ಏನು, ನನ್ನ ಸೀರೆ ನೋಡ್ತಿದೀರಾ?” ಮಂಚದ ಮೇಲಿಂದ ಪಾರ್ವತಮ್ಮ ಕೇಳಿದರು.

“ಇಲ್ಲ ಅತ್ತೆ.”

“ಸುಳ್ಳು ಹೇಳ್ಬೇಡ. ಮನೆ ಇರೋದೇ ಇಷ್ಟಗಲ, ಕಣ್ಣು ಎಲ್ಲಿ ಹೋಯ್ತು ಅಂತ ಕಾಣಲ್ವೇ?”

ಅವರು ಎದ್ದು ಸ್ನಾನಕ್ಕೆ ಹೋದರು. ಬಂದವರೇ ಕೋಲು ತೆಗೆದುಕೊಂಡು ಸೀರೆ ಇಳಿಸತೊಡಗಿದರು.

“ಅತ್ತೆ, ಅದಿನ್ನೂ ಒದ್ದೆ ಇದೆ. ನಿಮಗೆ ಮೊದಲೇ ಕೆಮ್ಮು.”

“ಒದ್ದೆ ಮಡಿ ಒಣ ಮಡಿಗಿಂತ ಒಂದು ಕೈ ಮೇಲು. ನಮ್ಮತ್ತೆ ನೀರು ತೊಟ್ಟಿಕ್ಕೋ ಸೀರೇಲೇ ಅಡುಗೆ ಮಾಡೋರು. ಗಳು ಖಾಲಿ ಆಯ್ತು, ಹಾಕು.”

“ಆದ್ರೆ ಅದು ಮಡಿ ಗಳು...”

“ಮಡಿ ಸೀರೆಗೆ ಕಣೇ, ಬಿದಿರಿಗಲ್ಲ. ನಾಳೆ ತೊಳೆದ್ರಾಯ್ತು.”

ಫ್ಯಾನು ಐದಕ್ಕೆ ಏರಿತು. ಜೆರ್ಸಿ ಗಳುವಿನ ಮೇಲೆ ಪಟಪಟನೆ ಬಡಿದುಕೊಳ್ಳತೊಡಗಿತು. ಸಮನ್ವಿತಾ ಅದರಡಿಯಲ್ಲೇ ಕೂರುವುದು, ಚಂಗನೆ ಏಳುವುದು, ತೋಳು ಮುಟ್ಟಿ ನೋಡುವುದು. “ನನ್ನ ಮೇಲೆ ಬಿದ್ದೀಯ, ಆಮೇಲೆ ಇನ್ನೊಂದು ಸ್ನಾನ,” ಎಂದು ಪಾರ್ವತಮ್ಮ ಗೋಡೆಗೆ ಒತ್ತಿಕೊಂಡು ದಾಟಿ ದೇವರ ಗೂಡಿನ ಮುಂದೆ ಕೂತರು.

ದೀಪ ಹಚ್ಚಿದರು. ಆರಿತು. ಮತ್ತೆ ಹಚ್ಚಿದರು. ಮತ್ತೆ ಆರಿತು. ವಾರಿಜಾಳ ಕೈ ರೆಗ್ಯುಲೇಟರಿನತ್ತ ಹೋಯಿತು.

“ಅದನ್ನ ಮುಟ್ಟಬೇಡ,” ಎಂದರು ಅವರು, ತಿರುಗದೆ.

ಒದ್ದೆ ಸೆರಗನ್ನು ಅಗಲವಾಗಿ ಹಿಡಿದು ಗಾಳಿಗೆ ಅಡ್ಡ ಮಾಡಿ, ಮೂರನೆಯ ಸಲ ಹಚ್ಚಿದರು. ಜ್ವಾಲೆ ಅತ್ತಿತ್ತ ಆಡಿ ನಿಂತಿತು. ಆ ಬೆನ್ನನ್ನೇ ನೋಡುತ್ತ ನಿಂತ ವಾರಿಜಾಳಿಗೆ ಬಕೆಟ್ಟು, ಒಲೆಯ ಮೇಲಿಟ್ಟ ಹಾಲು ಯಾವುದೂ ನೆನಪಾಗಲಿಲ್ಲ.

“ಅಮ್ಮಾ, ಕೆಳಗಡೆ ಆಟೋ ಬಂತು,” ಎನ್ನುತ್ತ ಸಮನ್ವಿತಾ ಜೆರ್ಸಿ ಎಳೆದುಕೊಂಡು ತಲೆಗೆ ತೂರಿಸಿದಳು. ದೂರದಿಂದಲೇ ಅಜ್ಜಿಗೆ ಅಡ್ಡಬಿದ್ದಳು.

“ಒಣಗಿತೇನೆ?”

“ಹೊಲಿಗೆ ಹತ್ರ ಸ್ವಲ್ಪ ಒದ್ದೆ ಅಜ್ಜಿ.”

“ನಂದು ಪೂರ್ತಿ ಒದ್ದೆ. ನೀನು ಓಡು, ಮೈಮೇಲೇ ಒಣಗತ್ತೆ.”

ಮಗಳು ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತಿದ್ದಳು. ವಾರಿಜಾ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ, ಕೊಡೆ ಮರೆತು, ಅವಳ ಹಿಂದೆಯೇ ಓಡಿದಳು.