ಕೆಮ್ಮಿದವರು ಒಳಗಿಲ್ಲ

ತೆಲುಗು ಸೀಮೆಯ ಜೀಡಿಮೆಟ್ಲಾದ ನಮ್ಮ ಕಾರ್ಖಾನೆಯಲ್ಲಿ ನೆಗಡಿ ಗುಳಿಗೆ ತಯಾರಾಗುತ್ತದೆ. ಆದ್ದರಿಂದ ನೆಗಡಿ ಆದವರನ್ನು ಒಳಗೆ ಬಿಡುವುದಿಲ್ಲ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಗೇಟಿನಲ್ಲಿ ನಿಂತು ಅದನ್ನು ನೋಡಿಕೊಳ್ಳುವವನು ನಾನು, ಗುರುಶಾಂತ. ಒಬ್ಬೊಬ್ಬರೇ ಬಂದು ಬಾಯಿ ತೆರೆಯಬೇಕು. ಗುಟ್ಕಾ, ಅಡಿಕೆ, ಏನಿದ್ದರೂ ಉಗುಳಬೇಕು. ಆಮೇಲೆ ಒಂದೇ ಉಸಿರಿನಲ್ಲಿ ಹತ್ತರವರೆಗೆ ಎಣಿಸಬೇಕು. ನಡುವೆ ಕೆಮ್ಮಿದರೆ ಮನೆಗೆ. ಆರು ವರ್ಷಗಳಲ್ಲಿ ಯಾರನ್ನೂ ಸುಮ್ಮನೆ ಬಿಟ್ಟವನಲ್ಲ. ನಮ್ಮ ಆಳಂದದ ಕಡೆಯವರು ಊರು, ಸಂಬಂಧ ಎಲ್ಲ ಹೇಳಿಕೊಂಡು ಬಂದರೂ ಎಣಿಸಿಯೇ ಒಳಗೆ ಹೋಗಿದ್ದಾರೆ.

ನನ್ನ ಹೆಂಡತಿ ಗಂಗಾ ಅಲ್ಲೇ ಪ್ಯಾಕಿಂಗಿನಲ್ಲಿ ಗುತ್ತಿಗೆದಾರನ ಆಳು. ಈ ಸಲ ಆಫೀಸಿನ ನಲಿನಿ ಮೇಡಂ ಒಂದು ಮಾತು ಹೇಳಿದ್ದರು: ದೀಪಾವಳಿ ಮುಗಿದ ಮೇಲೆ ಮೂವತ್ತು ದಿನ ಒಂದೂ ತಪ್ಪದೆ ಬಂದವರ ಹೆಸರು ಕಂಪನಿಯ ಕಾಯಂ ಪಟ್ಟಿಗೆ ಸೇರುತ್ತದೆ. ಮಳೆ ಹೋಗಿ ಚಳಿ ಬೀಳುವ ತಿಂಗಳು ಅದು, ಅರ್ಧ ಊರು ಕೆಮ್ಮುತ್ತಿರುತ್ತದೆ. ಬೇಕೆಂದೇ ಆ ತಿಂಗಳನ್ನು ಆರಿಸಿದ್ದರೋ ಏನೋ, ನಾನು ಕೇಳಲಿಲ್ಲ. ಗಂಗಾಗೆ ಆ ಪಟ್ಟಿ ಬೇಕೇ ಬೇಕಿತ್ತು. ಎಂಟು ವರ್ಷ, ಗುತ್ತಿಗೆದಾರ ಬೆಳಿಗ್ಗೆ ಬೆರಳು ತೋರಿಸಿದರೆ ಕೆಲಸ, ಇಲ್ಲದಿದ್ದರೆ ಮನೆ ಎಂದು ಬದುಕಿದವಳು ಅವಳು.

ನಮ್ಮವ್ವ ಅನ್ನಮ್ಮ ಇದನ್ನು ತನ್ನ ಜವಾಬ್ದಾರಿ ಎಂದು ತಿಳಿದಳು. ಬಸ್ಸು ಹತ್ತಿ ಕೋಠಿ ಪೇಟೆಗೆ ಹೋದಳು. ಗ್ರಂಧಿಗೆ ಅಂಗಡಿಯವನ ಜೊತೆ ಅರ್ಧ ತಾಸು ಜಗಳವಾಡಿ ಒಣಶುಂಠಿ, ಹಿಪ್ಪಲಿ, ಕರಿಮೆಣಸು, ಲವಂಗ ತಂದಳು. ಜೀರಿಗೆ, ಹವೀಜ ಸೇರಿಸಿ ಹುರಿದಳು. ಆ ಘಾಟಿಗೆ ವಠಾರದಲ್ಲಿ ಆರೋಗ್ಯವಾಗಿದ್ದವರೆಲ್ಲ ಕೆಮ್ಮಿದರು. ಅಂದಿನಿಂದ ದಿನಾ ಬೆಳಿಗ್ಗೆ ಬೆಲ್ಲ ಹಾಕಿ ಕುದಿಸಿದ ಕಷಾಯ, ಗಂಗಾಗೊಂದು ಲೋಟ, ನನಗೊಂದು. ಗಂಗಾ ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ನಾನು ಮುಟ್ಟಲಿಲ್ಲ. ಗುಳಿಗೆ ಕಂಪನಿಯ ಮನುಷ್ಯ ಕಷಾಯ ಕುಡಿದರೆ ಕಂಪನಿಯ ಮರ್ಯಾದೆ ಏನಾಗಬೇಕು?

"ನಿಮ್ಮ ಗುಳಿಗಿ ನೆಗಡಿ ಬಂದಮ್ಯಾಲ. ಇದು ಬರೂಕಿಂತ ಮೊದಲ," ಎಂದಳು ಅವ್ವ. ನಾನು ಲೋಟವನ್ನು ಅವಳ ಕಡೆಗೇ ಸರಿಸಿದೆ.

ಇಪ್ಪತ್ತೈದನೆಯ ದಿನ ನನಗೆ ನೆಗಡಿ ಬಂತು. ಗೇಟಿನಲ್ಲಿ ಪರೀಕ್ಷೆ ಮಾಡುವವನನ್ನು ಪರೀಕ್ಷೆ ಮಾಡುವವರಿಲ್ಲ, ಹಾಗಾಗಿ ಮಾಸ್ಕ್ ಹಾಕಿಕೊಂಡು ಕೆಲಸಕ್ಕೆ ಹೋದೆ. ಮನೆಯಲ್ಲಿ ಇರುವುದು ಒಂದೇ ಕೋಣೆ. ಕಷಾಯ ಅಷ್ಟು ದಿನ ಹೊರಗಿನ ಚಳಿಯನ್ನು ತಡೆದಿತ್ತೇನೋ, ಮನೆಯೊಳಗಿನ ಗಂಡನನ್ನು ತಡೆಯಲಿಲ್ಲ. ಮೂವತ್ತನೆಯ ದಿನ ಗಂಗಾ ಎದ್ದವಳೇ ಕೆಮ್ಮಿದಳು. ಕೆಮ್ಮಿ ನನ್ನ ಮುಖ ನೋಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ಮುಂಚೆಯೇ ಡ್ಯೂಟಿಗೆ ಹೊರಟ ಮೇಲೆ ಅವ್ವ ಅವಳ ದವಡೆಗೆ ಒಂದು ಲವಂಗ ಇಟ್ಟು ಕಳಿಸಿದಳು. ಲವಂಗ ಇರುವಷ್ಟು ಹೊತ್ತು ಗಂಟಲು ಸುಮ್ಮನಿರುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಗೇಟಿನಲ್ಲಿ ಬಾಯಿ ತೆರೆಯಬೇಕೆಂಬುದು ಅವ್ವನಿಗೆ ಗೊತ್ತಿರಲಿಲ್ಲ. ಗಂಗಾಗೆ ಗೊತ್ತಿತ್ತು. ಆದರೂ, ಬಾಯಿ ನೋಡುವವನು ಗಂಡ ತಾನೇ ಎಂದು ಬಂದಳು.

ಅಂದು ನಲಿನಿ ಮೇಡಂ ಪಟ್ಟಿ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದರು. ಗಂಗಾಳ ಸರದಿ ಬಂತು. ಬಾಯಿ ತೆರೆದಳು. ಲವಂಗ ನನಗೆ ಕಂಡಿತು, ಮೇಡಂಗೂ ಕಂಡಿತು.

"ಉಗುಳು," ಎಂದೆ. ನನ್ನ ಧ್ವನಿ ಕೇಳಿ ನನಗೇ ಹೇಸಿಗೆಯಾಯಿತು.

ಉಗುಳಿದಳು. ಎಣಿಸತೊಡಗಿದಳು. ಐದು ಎನ್ನುವಾಗ ಕಣ್ಣಲ್ಲಿ ನೀರು ತುಂಬಿತು. ಆರು ಎನ್ನುವಾಗ ಕತ್ತಿನ ನರ ಉಬ್ಬಿತು. ಏಳಕ್ಕೆ ಕೆಮ್ಮು ಬರುತ್ತದೆ ಎಂದು ತಿಳಿಯಿತು, ನೋಡಿ ನೋಡಿ ನನಗೆ ಅಷ್ಟು ಅಭ್ಯಾಸವಾಗಿದೆ. ಅವಳಿಗಿಂತ ಮೊದಲು ನಾನು ಕೆಮ್ಮಿದೆ. ಗೇಟು ಹಿಡಿದು, ಬಗ್ಗಿ, ಜೋರಾಗಿ ಕೆಮ್ಮಿದೆ. ಐದು ದಿನ ತಡೆದಿಟ್ಟಿದ್ದು ಒಟ್ಟಿಗೆ ಬಂತು, ನಟಿಸುವ ತೊಂದರೆ ಇರಲಿಲ್ಲ. ಅವಳ ಕೆಮ್ಮು ಅದರೊಳಗೆ ಸೇರಿಹೋಯಿತು. ನಾನು ಉಸಿರೆಳೆದುಕೊಳ್ಳುವ ಹೊತ್ತಿಗೆ ಅವಳು ಹತ್ತು ಎನ್ನುತ್ತಿದ್ದಳು.

ಮೇಡಂ ಎರಡು ಹೆಜ್ಜೆ ಹಿಂದೆ ಸರಿದು, ಕೆಮ್ಮಿದ್ದು ಯಾರು ಎಂದು ತೆಲುಗಿನಲ್ಲಿ ಕೇಳಿದರು. ನಾನೇ ಎಂದೆ. ಅದು ಪೂರ್ತಿ ಸುಳ್ಳೂ ಅಲ್ಲ. ಎರಡೂ ನನ್ನದೇ ಕೆಮ್ಮು, ಒಂದು ಅವಳ ಗಂಟಲಲ್ಲಿತ್ತು, ಅಷ್ಟೇ. ಮೇಡಂ ಗಂಗಾಳ ಹೆಸರಿನ ಮುಂದೆ ಟಿಕ್ ಹಾಕಿ ಅವಳನ್ನು ಒಳಗೆ ಕಳಿಸಿದರು. ಆಮೇಲೆ ನನ್ನ ಬ್ಯಾಡ್ಜು ಕೇಳಿ ತೆಗೆದುಕೊಂಡರು. ನೆಗಡಿ ಮುಚ್ಚಿಟ್ಟು ಗೇಟಿನಲ್ಲಿ ನಿಂತವನು ನಾಳೆಯಿಂದ ಬರುವುದು ಬೇಡ ಎಂದರು. ನಿಯಮ ಸರಿಯಾಗಿಯೇ ಇತ್ತು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಹತ್ತು ಗಂಟೆಗೆಲ್ಲ ಮನೆಗೆ ಬಂದವನನ್ನು ಕಂಡು ಅವ್ವ ಬಾಗಿಲಿಗೆ ಬಂದಳು.

"ಯಾಕೋ, ಇಷ್ಟ ಲಗೂ ಬಂದಿ?"

"ಕೆಮ್ಮು ಬಂತವ್ವ."

ಅವಳ ಮುಖ ಬಿಳಿಚಿಕೊಂಡಿತು. "ಯಾರಿಗೆ?"

"ಗಂಗಾ ಒಳಗ ಹೋದ್ಲು," ಎಂದೆ. ಹಾಗೆ ಹೇಳುವಾಗ ಎಷ್ಟು ಖುಷಿಯಾಯಿತೆಂದರೆ, ನನ್ನ ಕೆಲಸ ಹೋದದ್ದನ್ನು ಹೇಳಲು ಮರೆತೇಬಿಟ್ಟೆ.