ಪಕ್ಕದ ಮಂಚದವಳು

ಮುಖದ ತುಂಬ ನೊರೆ ಬಳಿಸಿಕೊಂಡು, ಕತ್ತು ಹಿಂದಕ್ಕೆ ಚಾಚಿ, ಕಣ್ಣು ಮುಚ್ಚಿ ಕೂತಿದ್ದ ಅಂಚೆಯವನ ಗಂಟಲ ಮೇಲೆ ಕತ್ತಿ ಆಡಿಸುತ್ತಿದ್ದಾಗ ಕ್ಷೌರದಂಗಡಿಯವನಿಗೆ ಎದುರಿನ ಕನ್ನಡಿಯಲ್ಲಿ ತನ್ನ ಮಗಳು ಬಾಗಿಲು ದಾಟಿ ಹೋಗುವುದು ಕಾಣಿಸಿತು. ಒಬ್ಬಳೇ ಹೋಗುತ್ತಿರಲಿಲ್ಲ. ಆಗಷ್ಟೇ ಕಟಿಂಗ್ ಮಾಡಿಸಿಕೊಂಡು ಎದ್ದಿದ್ದ, ಆ ಅಂಗಡಿಯ ಮೆಟ್ಟಿಲನ್ನು ಅದೇ ಮೊದಲು ಹತ್ತಿದ್ದ ಯಾರೋ ಒಬ್ಬನ ತೋರುಬೆರಳು ಹಿಡಿದುಕೊಂಡು, ಹುಟ್ಟಿದಾಗಿನಿಂದ ಅವನ ಜೊತೆಗೇ ಓಡಾಡಿದವಳ ಹಾಗೆ ಹೆಜ್ಜೆ ಹಾಕುತ್ತಿದ್ದಳು.

"ಸ್ವಲ್ಪ ಹೀಗೇ ಇರಿ, ಅಲ್ಲಾಡಬೇಡಿ," ಎಂದು ಅಂಚೆಯವನಿಗೆ ಹೇಳಿ ಅವನು ಹೊರಗೆ ಓಡಿದ. ಬೀದಿಯಲ್ಲಿ ಜನ ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತದ್ದು ಯಾಕೆಂದು ಅವನಿಗೆ ಹೊಳೆದದ್ದು ಮೂಲೆ ತಿರುಗಿ ಅವರಿಬ್ಬರನ್ನೂ ಹಿಡಿದ ಮೇಲೆಯೇ. ಬಿಚ್ಚಿದ ಕತ್ತಿ ಇನ್ನೂ ಕೈಯಲ್ಲಿತ್ತು. ಅದನ್ನು ಕಂಡು ಆ ಮನುಷ್ಯನ ಮುಖ ಬಿಳಿಚಿಕೊಂಡಿತು.

"ನಂದೇನೂ ತಪ್ಪಿಲ್ಲಪ್ಪ. ನಮ್ಮನೆಗೆ ಬರ್ತೀಯಾ ಅಂತ ತಮಾಷೆಗೆ ಕೇಳಿದೆ. ಹೂಂ ಅಂತ ಬಂದೇ ಬಿಟ್ಟಳು. ಬೇಡಮ್ಮ, ಅಪ್ಪ ಬೈತಾರೆ ಹೋಗು ಅಂದ್ರೂ ಬೆರಳು ಬಿಡಲಿಲ್ಲ."

ಮಗಳು ತಲೆಯೆತ್ತಿ ಅಪ್ಪನನ್ನು ನೋಡಿ ನಕ್ಕಳು. ಸಿಕ್ಕಿಬಿದ್ದ ಅಳುಕಿಲ್ಲ, ಅಪ್ಪ ಬಂದನೆಂಬ ಹಿಗ್ಗೂ ಇಲ್ಲ. ಕೆನ್ನೆಯಲ್ಲಿ ಗುಳಿ ಬೀಳುವ ಅದೇ ನಗು. ಅಂಗಡಿಗೆ ಬರುವ ಪ್ರತಿಯೊಬ್ಬ ಗಿರಾಕಿಗೂ ಅವಳು ಕೊಡುವಂಥದ್ದು. ಅವನು ಕತ್ತಿ ಮಡಚಿ ಜೇಬಿಗೆ ಹಾಕಿ ಬೆರಳು ಚಾಚಿದ. ಅವಳು ಆ ಬೆರಳು ಬಿಟ್ಟು ಈ ಬೆರಳು ಹಿಡಿದಳು. ಬೆರಳು ಬದಲಾಯಿತೇ ಹೊರತು ಹಿಡಿತ ಬದಲಾಗಲಿಲ್ಲ. ಅದು ಅವನಿಗೆ ಅಂಗೈಯಲ್ಲೇ ಗೊತ್ತಾಯಿತು.

ಅಂಗಡಿಯಲ್ಲಿ ಅಂಚೆಯವನ ಮುಖದ ಮೇಲೆ ನೊರೆ ಒಣಗಿ ಸುಣ್ಣದ ಹಾಗೆ ಬಿರಿದಿತ್ತು. "ಎಲ್ಲಿಗೆ ಹೊರಟಿದ್ರು ಮ್ಯಾನೇಜರ್?" ಎಂದು ತುಟಿ ಅಲ್ಲಾಡಿಸದೆ ಕೇಳಿದ.

ಗಿರಾಕಿಗಳೆಲ್ಲ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಹೆಂಡತಿ ಬೆಳಗಿನ ಪಾಳಿಗೆ ಬ್ರೆಡ್ ಕಾರ್ಖಾನೆಗೆ ಹೋಗುತ್ತಿದ್ದುದರಿಂದ ಮಧ್ಯಾಹ್ನದವರೆಗೆ ಮಗಳು ಅಂಗಡಿಯಲ್ಲೇ ಇರುತ್ತಿದ್ದಳು. ಬಂದವರನ್ನು ಬಾಗಿಲಲ್ಲೇ ಎದುರುಗೊಳ್ಳುವಳು, ಕೈಹಿಡಿದು ಕೂರಿಸುವಳು, ಕಾಯುತ್ತಿರುವವರ ತೊಡೆಯೇರಿ ಅವರ ಅಂಗಿಯ ಗುಂಡಿ ತಿರುವುತ್ತ ಕೂರುವಳು. "ಎಂಥ ಗುಣ ನೋಡಿ, ಒಂಚೂರು ಕೊಸರಾಟ ಇಲ್ಲ," ಎನ್ನುತ್ತಿದ್ದರು ಜನ. "ನಮ್ಮನೇಲೂ ಒಂದಿದೆ, ನಾನು ಮೀಸೆ ತೆಗೆಸಿಕೊಂಡು ಹೋದ ದಿನ ನನ್ನನ್ನೇ ಕಂಡು ಕಿರುಚಿಕೊಳ್ತು." ಅಂಗಡಿಯವನೂ ಮೊದಮೊದಲು ಹೆಮ್ಮೆಪಟ್ಟಿದ್ದ. ಅನಾಥಾಲಯದಿಂದ ಅವಳನ್ನು ಮನೆಗೆ ತಂದ ದಿನವೇ ಅವಳು ಅವನ ಹೆಗಲಿಗೆ ತಲೆಯಿಟ್ಟು ಅಪ್ಪಾ ಎಂದಿದ್ದಳು. ಗಂಡ ಹೆಂಡತಿ ಇಬ್ಬರೂ ಅಂದು ಊಟ ಮಾಡುವುದನ್ನೂ ಮರೆತಿದ್ದರು. ಮಾರನೆಯ ಬೆಳಿಗ್ಗೆ ನಲ್ಲಿ ರಿಪೇರಿಗೆ ಬಂದವನ ಹೆಗಲಿಗೂ ಅವಳು ಹಾಗೆಯೇ ತಲೆಯಿಟ್ಟು ಅಪ್ಪಾ ಎಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆ ಸಂಜೆ ಹೆಂಡತಿ ನಡೆದದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ, "ಮೊನ್ನೆ ಬಾಗಿಲ ಸಂದಿಗೆ ಅವಳ ಬೆರಳು ಸಿಕ್ಕಿತ್ತೇನೋ ರೀ. ಸ್ನಾನ ಮಾಡಿಸುವಾಗ ನೋಡ್ತೀನಿ, ಉಗುರೆಲ್ಲ ನೀಲಿ. ಏನಾಯ್ತೇ ಅಂದ್ರೆ ನಗ್ತಾಳೆ. ನೋವಾದ್ರೂ ನನ್ನ ಹತ್ರ ಬರಲ್ಲ ಅಂದ್ಮೇಲೆ ನಾನು ಯಾತರ ಅಮ್ಮ?" ಎಂದಳು.

ಆಗಾಗ ಬಂದು ಮಗುವನ್ನು ನೋಡಿಕೊಂಡು ಹೋಗುತ್ತಿದ್ದ ಅನಾಥಾಲಯದ ಮೇಡಂ ಆ ವಾರ ಬಂದಾಗ ಅವನು ಇದನ್ನೇ ಕೇಳಿದ. ಆಕೆಗೆ ವಯಸ್ಸಾಗಿತ್ತು. ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿರಲಿಲ್ಲ.

"ಅಲ್ಲಿ ಕಂಬಿ ಹಾಕಿದ ಮಂಚಗಳು ಸಾಲಾಗಿರುತ್ತವೆ. ಬೆಳಿಗ್ಗೆ ಒಬ್ಬಳು ಆಯಾ, ಸಂಜೆ ಇನ್ನೊಬ್ಬಳು. ಬಾಗಿಲಲ್ಲಿ ಯಾರು ಕಾಣಿಸ್ತಾರೋ ಅವರೇ ಅಮ್ಮ. ಇಬ್ಬರ ಕೈಗೆ ಇಪ್ಪತ್ತು ಮಕ್ಕಳಿದ್ರೆ ನಗೋ ಮಗೂನೇ ಮೊದಲು ಎತ್ಕೋತಾರೆ, ಏನು ಮಾಡೋದು. ಅತ್ತರೆ ಯಾರೂ ಬರಲ್ಲ ಅಂತ ತಿಳಿದ ಮಗು ಅಳೋದನ್ನೇ ಬಿಡುತ್ತೆ. ನಿಮ್ಮ ಮಗಳು ಬಲು ಚುರುಕು, ಬೇಗ ಕಲಿತಳು. ನಗೋದು ಅವಳ ಪಾಲಿಗೆ ಕೆಲಸ."

"ಎಷ್ಟು ದಿನ ಬೇಕು, ಮೇಡಂ, ಸರಿಹೋಗೋಕೆ?"

"ಅದನ್ನ ಹೇಳೋರು ಯಾರೂ ಇಲ್ಲ. ನೀವು ಅವಳ ಹತ್ತಿರಾನೇ ಇರಿ. ಅಷ್ಟೇ." ಹೊರಡುವಾಗ ಆಕೆ ಇನ್ನೊಂದು ಮಾತು ಹೇಳಿದಳು. ಅದೇ ಕೋಣೆಯ, ಪಕ್ಕದ ಮಂಚದ ಹುಡುಗಿಯೊಬ್ಬಳನ್ನು ಬೇರೆ ಊರಿನ ಬಸ್ ಡ್ರೈವರ್ ಒಬ್ಬ ಮನೆಗೆ ಕರೆದುಕೊಂಡಿದ್ದಾನೆ. ಅವರೂ ಈ ಕಡೆ ಬರುವವರಿದ್ದಾರೆ. ಮಕ್ಕಳು ಒಮ್ಮೆ ಭೇಟಿಯಾದರೆ ಆಗಬಹುದೇ?

ಅಂದು ರಾತ್ರಿ ಅಂಗಡಿಯವನು ಕೈಕಾಲು ತೊಳೆಯುತ್ತ ತನ್ನ ಕೆನ್ನೆಯನ್ನು ಒತ್ತಿ ನೋಡಿಕೊಂಡ. ದಿನವಿಡೀ ಗಿರಾಕಿಗಳ ಮುಂದೆ ನಕ್ಕು ನಕ್ಕು ಅವನಿಗೂ ಸಂಜೆಗೆ ದವಡೆ ನೋಯುತ್ತಿತ್ತು. ಅವನು ಮನೆಗೆ ಬಂದು ಮುಖ ಸಡಿಲಬಿಡುತ್ತಿದ್ದ. ಆ ಮಗು ಎಲ್ಲಿಗೆ ಹೋಗಿ ಸಡಿಲಬಿಡಬೇಕು?

ಅಂಗಡಿಗೆ ವಾರದ ರಜೆಯಿದ್ದ ದಿನ ಡ್ರೈವರ್ ತನ್ನ ಹೆಂಡತಿ, ಮಗಳೊಡನೆ ಅಲ್ಲಿಗೇ ಬಂದ. ಆ ಹುಡುಗಿ ಇವಳಿಗಿಂತ ಕುಳ್ಳು, ಚೂಪು ಗಲ್ಲ. ಅವಳು ಯಾರ ಕೈಯನ್ನೂ ಹಿಡಿದಿರಲಿಲ್ಲ. ಅಂಗಡಿಯವನು ಬಗ್ಗಿ ಮಾತಾಡಿಸಿದರೆ ಮುಖವನ್ನು ಗೋಡೆಗೆ ತಿರುಗಿಸಿದಳು.

"ಮುಟ್ಟೋಕೆ ಹೋಗಬೇಡಿ, ಕಚ್ತಾಳೆ," ಎಂದ ಡ್ರೈವರ್, ಹವಾಮಾನದ ಸುದ್ದಿ ಹೇಳಿದ ಹಾಗೆ. ಅಂಗಿಯ ತೋಳು ಮಡಚಿ ಗುರುತನ್ನೂ ತೋರಿಸಿದ. "ನಿಮ್ಮವಳು ಎಲ್ಲರ ಹತ್ರಾನೂ ಹೋಗ್ತಾಳಂತಲ್ಲ. ಪುಣ್ಯ ಮಾಡಿದ್ದೀರಿ."

"ಅದೇ ಕಷ್ಟ ಅಣ್ಣಾ. ನಿಮ್ಮವಳು ಯಾರ ಜೊತೇನೂ ಹೋಗಲ್ವಲ್ಲ, ನೀವು ನಿಶ್ಚಿಂತೆಯಾಗಿ ನಿದ್ದೆ ಮಾಡಬಹುದು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಬೇರೆಯವರ ಮುಂದೆ ಆ ನಗು ಸಾಧ್ಯವಿರಲಿಲ್ಲ.

ಅಷ್ಟರಲ್ಲಿ ಅಂಗಡಿಯವನ ಹೆಂಡತಿ ಒಳಕೋಣೆಯಿಂದ ಮಗಳನ್ನು ಕರೆತಂದಳು. ಎಂದಿನಂತೆ ಓಡಿ ಹೋಗಿ ಡ್ರೈವರನ ಕಾಲಿಗೆ ತೆಕ್ಕೆಬೀಳುತ್ತಾಳೆ ಎಂದು ಅಂಗಡಿಯವನು ಕಾದ. ಅವಳು ನಗುನಗುತ್ತಲೇ ಬಂದವಳು ಆ ಹುಡುಗಿಯನ್ನು ನೋಡಿದಳು. ನಗು ನಿಂತಿತು. ಯಾರೋ ಒಳಗಿನಿಂದ ದೀಪ ಆರಿಸಿದ ಹಾಗೆ ನಿಂತಿತು. ಮುಖ ಪೂರ್ತಿ ಖಾಲಿಯಾಗಿ, ಶಾಂತವಾಗಿ, ಬಹಳ ವಯಸ್ಸಾದವರ ಮುಖದಂತೆ ಕಂಡಿತು.

"ಪಕ್ಕ," ಎಂದಳು.

"ಪಕ್ಕ," ಎಂದಳು ಆ ಹುಡುಗಿಯೂ.

ಅದು ಹೆಸರೆಂದು ತಿಳಿಯಲು ದೊಡ್ಡವರಿಗೆ ಒಂದು ಗಳಿಗೆ ಬೇಕಾಯಿತು. ಅನಾಥಾಲಯದವರು ಇಟ್ಟ ಹೆಸರುಗಳು ಬೇರೆ ಇದ್ದವು, ಎರಡೂ ಮನೆಯಲ್ಲಿ ಇಟ್ಟ ಹೆಸರುಗಳೂ ಬೇರೆ. ಇದು ಅವರಿಬ್ಬರೇ ಇಟ್ಟುಕೊಂಡದ್ದು. ಇವಳಿಗೆ ಅವಳು ಪಕ್ಕ, ಅವಳಿಗೆ ಇವಳು ಪಕ್ಕ.

ಮಕ್ಕಳು ಅಪ್ಪಿಕೊಳ್ಳಲಿಲ್ಲ. ಗಿರಾಕಿಗಳು ಕಾಯಲೆಂದು ಹಾಕಿದ್ದ ಮರದ ಕುರ್ಚಿಗೆ ಉದ್ದುದ್ದ ಪಟ್ಟಿಗಳ ಬೆನ್ನಿತ್ತು. ಇವಳು ಕುರ್ಚಿಯನ್ನು ಎಳೆದು ನೆಲದ ಮಧ್ಯಕ್ಕೆ ತಂದಳು. ಒಬ್ಬಳು ಅದರ ಮೇಲೆ ಹತ್ತಿ ಬೆನ್ನಿನ ಕಡೆ ಮುಖ ಮಾಡಿ ಕೂತಳು, ಇನ್ನೊಬ್ಬಳು ಹಿಂದುಗಡೆ ಒಂದು ಮೊಗಚಿದ ಬಕೆಟ್ ಇಟ್ಟುಕೊಂಡು ಕೂತಳು. ಅಷ್ಟಗಲ ಅಂಗಡಿ ಖಾಲಿ ಬಿದ್ದಿತ್ತು. ಅವರಿಗೆ ಬೇಕಾಗಿದ್ದದ್ದು ನಡುವೆ ಆ ಪಟ್ಟಿಗಳು. ಪಟ್ಟಿಗಳ ಸಂದಿಯಿಂದ ಇಬ್ಬರೂ ಕೈ ತೂರಿಸಿ ಒಬ್ಬರ ಕಿವಿಯನ್ನೊಬ್ಬರು ಹಿಡಿದುಕೊಂಡರು. ಹಿಡಿದುಕೊಂಡು, ಹಿಂದಕ್ಕೂ ಮುಂದಕ್ಕೂ, ಹಿಂದಕ್ಕೂ ಮುಂದಕ್ಕೂ, ಸದ್ದಿಲ್ಲದೆ ತೂಗತೊಡಗಿದರು. ಯಾರು ಶುರು ಮಾಡಿದರು, ಯಾರು ಹಿಂಬಾಲಿಸಿದರು ಎಂದು ಹೇಳಲು ಬರುವಂತಿರಲಿಲ್ಲ.

ಡ್ರೈವರನ ಹೆಂಡತಿ ತಂದಿದ್ದ ಬನ್ನನ್ನು ಇವಳ ಅಮ್ಮ ಮೆಲ್ಲನೆ ಅವರ ಬಳಿ ಇಟ್ಟಳು. ಆ ಹುಡುಗಿ ಅದನ್ನು ಮುರಿದು, ದೊಡ್ಡ ತುಂಡನ್ನು ಸಂದಿಯಿಂದ ಇವಳ ಬಾಯಿಗೆ ತುರುಕಿದಳು. ನುಂಗುವವರೆಗೂ ಕಾದಳು. ಆಮೇಲೆ ಇವಳ ತುಟಿ ಬಿಡಿಸಿ ಒಳಗೆ ಇಣುಕಿ, ಇನ್ನೇನೂ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡು ತಾನು ತಿಂದಳು. ನಾಲ್ಕು ಮಂದಿ ದೊಡ್ಡವರು ಗೋಡೆಗೆ ಒರಗಿ ನಿಂತುಬಿಟ್ಟಿದ್ದರು. ಕುರ್ಚಿ ಕಿರುಗುಟ್ಟಿದರೆ ತಮ್ಮದೇ ತಪ್ಪೇನೋ ಎಂಬಂತೆ ಉಸಿರು ಹಿಡಿಯುತ್ತಿದ್ದರು. ಮಾತು ಬಾರದ ವಯಸ್ಸಿನಲ್ಲಿ, ಯಾರೂ ನೋಡದ ಹೊತ್ತಿನಲ್ಲಿ, ಎರಡು ಕೂಸುಗಳು ಕಂಬಿಯ ನಡುವೆ ಹೀಗೊಂದು ಸಂಸಾರ ಕಟ್ಟಿಕೊಂಡಿದ್ದವು. ಅಂಗಡಿಯವನಿಗೆ ಮೈ ಜುಮ್ಮೆಂದಿತು. ಇಷ್ಟು ದಿನ ತಾನು ಈ ಮಗುವಿಗೆ ಪ್ರೀತಿಯ ಓನಾಮ ಕಲಿಸುತ್ತಿದ್ದೇನೆ ಅಂದುಕೊಂಡಿದ್ದನಲ್ಲ.

ಆಮೇಲೆ ಜಗಳವಾಯಿತು. ಪೌಡರಿನ ಬ್ರಷ್ ಇಬ್ಬರಿಗೂ ಬೇಕಾಯಿತು. "ನಂದು," ಎಂದಳು ಮಗಳು. ಆ ಮಾತನ್ನು ಅವಳ ಬಾಯಲ್ಲಿ ಅಂಗಡಿಯವನು ಎಂದೂ ಕೇಳಿರಲಿಲ್ಲ. ಕೇಳಿದವರಿಗೆಲ್ಲ ಕೈಯಲ್ಲಿದ್ದದ್ದನ್ನು ಕೊಟ್ಟುಬಿಡುವ ಹುಡುಗಿ ಅವಳು. "ಕೊಡಲ್ಲ ಹೋಗು. ನಂದು," ಎಂದು ಹಲ್ಲು ಕಚ್ಚಿ ಎಳೆದಳು. ಅವಳು ಕಚ್ಚಿದಳು, ಇವಳು ಕೂದಲು ಜಗ್ಗಿದಳು. ಬಿಡಿಸಲು ಹೊರಟ ಹೆಂಡತಿಯ ತೋಳನ್ನು ಅವನು ಹಿಡಿದುಕೊಂಡ. ಜಗಳ ತಾನಾಗಿ ಮುಗಿದು ಇಬ್ಬರೂ ಮತ್ತೆ ಕಿವಿ ಹಿಡಿದುಕೊಂಡು ಕೂತರು.

ಸಂಜೆ ಅವರು ಹೊರಟರು. ಡ್ರೈವರ್ ಮಗಳ ಮುಂದೆ ಕೈ ಚಾಚಿ ಸುಮ್ಮನೆ ನಿಂತ. ಅವಳು ಕೈ ಹಿಡಿಯಲಿಲ್ಲ, ಆದರೆ ಅವನ ಅಂಗಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಳು. "ಮುಂದಿನ ತಿಂಗಳು ಮತ್ತೆ ಬರ್ತೀವಿ," ಎಂದ.

ಅವರು ಮೂಲೆ ತಿರುಗುವವರೆಗೆ ಬಾಗಿಲಲ್ಲಿ ನಿಂತಿದ್ದ ಮಗಳನ್ನು ಅಂಗಡಿಯವನು ಎತ್ತಿಕೊಳ್ಳಲು ಹೋದ. ಎತ್ತಿದೊಡನೆ ತೋಳಿನಲ್ಲಿ ಮಿದುವಾಗಿ ಅಂಟಿಕೊಳ್ಳುತ್ತಿದ್ದ ಮಗು ಅಂದು ಕೊರಡಿನ ಹಾಗೆ ಸೆಟೆದುಕೊಂಡಿತು. "ಬೇಡ. ಇಳಿಸು. ನೀನು ಬೇಡ," ಎಂದು ಅವನ ಬಾಯಿಗೆ ಗುದ್ದಿತು. ಇಳಿಸಿದ. ಅವಳು ಕಪಾಟಿನ ಪೌಡರ್ ಡಬ್ಬಿಯನ್ನು ಕೆಡವಿದಳು, ಬಾಚಣಿಗೆಗಳನ್ನು ಎಸೆದಳು, ನೆಲದ ಮೇಲೆ ಬಿದ್ದು ಹೊರಳಾಡಿ ಅಳತೊಡಗಿದಳು. ಮುಖ ಕೆಂಪಾಗಿ, ಬಾಯಿ ಸೊಟ್ಟಗಾಗಿ, ಸಿಂಬಳ ಕಣ್ಣೀರು ಪೌಡರ್ ಎಲ್ಲ ಕಲಸಿ, ನೋಡಲಾರದಷ್ಟು ವಿಕಾರವಾಗಿತ್ತು. ಅವನಿಗೆ ಕಣ್ಣು ಕೀಳಲಾಗಲಿಲ್ಲ. ತನ್ನ ತುಟಿಯಿಂದ ರಕ್ತ ಜಿನುಗುತ್ತಿದ್ದುದೂ ತಿಳಿಯಲಿಲ್ಲ.

"ಅಳ್ತಿದಾಳೆ ರೀ," ಎಂದಳು ಹೆಂಡತಿ, ಪಿಸುದನಿಯಲ್ಲಿ.

"ಹೂಂ. ನಮ್ಮ ಮುಂದೆ ಅಳ್ತಿದಾಳೆ."

ಇಬ್ಬರೂ ಕತ್ತರಿಸಿದ ಕೂದಲು, ಚೆಲ್ಲಿದ ಪೌಡರಿನ ನಡುವೆಯೇ ನೆಲದ ಮೇಲೆ ಕೂತರು. ಸಮಾಧಾನ ಮಾಡಲು ಹೋಗಲಿಲ್ಲ, ಬಿಟ್ಟೂ ಹೋಗಲಿಲ್ಲ. ಅಳು ಬಿಕ್ಕಳಿಕೆಗೆ ಇಳಿದಾಗ ಹೆಂಡತಿ ತೊಡೆ ಚಾಚಿದಳು. ಮಗಳು ಅದನ್ನು ಕೆಂಗಣ್ಣಿನಿಂದ ನೋಡಿ ಆ ಕಡೆ ತಿರುಗಿ ಮಲಗಿದಳು. ನಿದ್ದೆ ಹತ್ತಿದ ಮೇಲೂ ಹುಬ್ಬು ಗಂಟಿಕ್ಕಿಯೇ ಇತ್ತು.

ಅಂದಿನಿಂದ ಎಲ್ಲ ಸರಿಹೋಯಿತೆಂದೇನಲ್ಲ. ಬೀದಿಗೆ ಬರುವ ಬ್ರೆಡ್ ವ್ಯಾನಿನವನು ಬಾ ಎಂದರೆ ಅವಳು ಈಗಲೂ ಓಡುತ್ತಿದ್ದಳು. ಅಂಗಡಿಯವನು ಬಾಗಿಲಿಗೆ ಒಂದು ಗಂಟೆ ಕಟ್ಟಿದ. ಆದರೆ ನಡುನಡುವೆ ಅವಳು ಯಾರಿಗೂ ನಗದೆ ಮೂಲೆಯಲ್ಲಿ ಕೂರುವ ದಿನಗಳೂ ಬಂದವು. "ಮ್ಯಾನೇಜರ್ ಯಾಕೋ ಗರಂ ಆಗಿದಾರೆ," ಎಂದು ಅಂಚೆಯವನು ಗೊಣಗಿದ. "ಮುಂಚೆ ಎಷ್ಟು ಚೆನ್ನಾಗಿದ್ಲು ಪಾಪ." ಅಂಗಡಿಯವನು, "ಮಕ್ಕಳಲ್ವಾ," ಎಂದು ಕತ್ತಿ ಮಸೆಯುತ್ತ ಮುಖ ಮರೆಸಿಕೊಂಡ.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಹೊಸಬನೊಬ್ಬ ಬಂದ. ದೊಡ್ಡ ಮೈ, ದೊಡ್ಡ ದನಿ. ಹೊದಿಕೆ ಹೊದಿಸಿಕೊಂಡು ಕುರ್ಚಿಯಲ್ಲಿ ಕೂತವನು ಮಗುವನ್ನು ಕಂಡು ಹೊದಿಕೆಯ ಕೆಳಗಿನಿಂದ ಕೈ ಚಾಚಿದ. "ಬಾ ಇಲ್ಲಿ ಪುಟ್ಟ, ಬಾ ಬಾ."

ಅವಳು ಎರಡು ಹೆಜ್ಜೆ ಮುಂದಿಟ್ಟಳು. ನಿಂತಳು. ಆ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು. ಕನ್ನಡಿಯಲ್ಲಿ ಇದನ್ನೆಲ್ಲ ನೋಡುತ್ತಿದ್ದ ಅಂಗಡಿಯವನ ಕತ್ತರಿ ಗಾಳಿಯಲ್ಲೇ ನಿಂತಿತು. ಅವಳು ಹಿಂದಕ್ಕೆ ಸರಿದಳು, ಇನ್ನೂ ಸರಿದಳು, ಸರಿದು ಕುರ್ಚಿಯ ಹಿಂದೆ ಬಂದು ಅಪ್ಪನ ಎಡ ಪಾದದ ಮೇಲೆ ಕುಕ್ಕರಿಸಿ, ಮೊಣಕಾಲನ್ನು ಎರಡೂ ತೋಳಿನಿಂದ ಅಪ್ಪಿ, ಮುಖವನ್ನು ಅವನ ಪ್ಯಾಂಟಿನಲ್ಲಿ ಹುದುಗಿಸಿದಳು.

"ಓಹೋ, ನಾಚಿಕೆ ಅಂತ ಕಾಣುತ್ತೆ," ಎಂದ ಆ ಮನುಷ್ಯ.

ಮಗಳ ಬಿಸಿ ಉಸಿರು ಬಟ್ಟೆ ದಾಟಿ ಅಂಗಡಿಯವನ ಮೊಣಕಾಲಿಗೆ ತಾಗುತ್ತಿತ್ತು. ಬಲಗಿವಿಯ ಬದಿ ಮುಗಿದಿತ್ತು, ಎಡಕ್ಕೆ ಹೋಗಬೇಕಿತ್ತು. ಅವನು ಮಗಳ ಭಾರವನ್ನೂ ಸೇರಿಸಿ ಕಾಲೆತ್ತಿ, ತುಂಬಿದ ಕೊಡವನ್ನು ಇಳಿಸುವವನಂತೆ ಮೆಲ್ಲನೆ ಮುಂದಿಟ್ಟ. ಅವಳು ಬಿಡಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟ.

"ಕಾಲು ನೋವಾ?" ಎಂದು ಗಿರಾಕಿ ಕೇಳಿದ.

"ಇಲ್ಲ. ತಲೆ ಸ್ವಲ್ಪ ಬಗ್ಗಿಸಿ."

ಕತ್ತರಿಸಿದ ಕೂದಲು ಮಗಳ ನೆತ್ತಿಯ ಮೇಲೆ ಉದುರತೊಡಗಿತು. ಅವನು ಗಿರಾಕಿಯ ಹೊದಿಕೆಯ ಅಂಚನ್ನು ಎಳೆದು ಅವಳ ತಲೆಯ ಮೇಲೂ ಹೊದಿಸಿದ, ಮತ್ತೆ ಕತ್ತರಿ ತೆಗೆದುಕೊಂಡ.