ಅನುಶ್ರೀಯ ಮದುವೆ ಆಲ್ಬಮ್ಮಿನ ಬಣ್ಣ

ಶ್ರೀರಂಗಪಟ್ಟಣದಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರವೇ ಚಂದ್ರಕಲಾಳ ಫೋಟೋ ಸ್ಟುಡಿಯೋ. ಮದುವೆ ಫೋಟೋ ತೆಗೆಯುವುದರಲ್ಲಿ ಅವಳದು ಪಳಗಿದ ಕೈ. ಆದರೆ ಹೊಸ ಲ್ಯಾಪ್‌ಟಾಪ್ ಕೊಂಡಾಗಿನಿಂದ ಯಾಕೋ ಆಲ್ಬಮ್ಮುಗಳು ಕೈಕೊಡುತ್ತಿದ್ದವು. ಪರದೆಯಲ್ಲಿ ಲಕ್ಷಣವಾಗಿ ಕಂಡ ಮುಖ, ಲ್ಯಾಬಿನಿಂದ ಪ್ರಿಂಟಾಗಿ ಬಂದಾಗ ಹಳದಿಗೆ ತಿರುಗಿ ಮಂಕಾಗಿರುತ್ತಿತ್ತು. ಲ್ಯಾಬಿನವರ ಮೇಲೆ ರೇಗಾಡಿ ಬೇರೆ ಕಡೆ ಕೊಟ್ಟು ನೋಡಿದಳು. ಅಲ್ಲೂ ಅದೇ ಪಾಡು.

ಪಾಂಡವಪುರದ ಯಶೋದಮ್ಮ ಮಗಳು ಅನುಶ್ರೀಯನ್ನು ಕರೆದುಕೊಂಡು ಬಂದು ಅವಳ ಮದುವೆ ಆಲ್ಬಮ್ಮನ್ನು ಮೇಜಿನ ಮೇಲೆ ಬಿಡಿಸಿಟ್ಟರು.

“ನೋಡವ್ವ, ನನ್ ಮಗಳಿಗೆ ಕಾಮಾಲೆ ಬಂದಂಗೈತೆ. ಒಸಿ ಬೆಳ್ಳಗಾದ್ರೂ ಮಾಡ್ಕೊಡು.”

“ಬುಡವ್ವ,” ಎಂದಳು ಅನುಶ್ರೀ ಮೆಲ್ಲಗೆ. “ನನ್ ಬಣ್ಣನೇ ಅಂಗೆ. ಅಕ್ಕ ಏನ್ ಮಾಡ್ತಾರೆ?”

ಆ ಮಾತು ಚಂದ್ರಕಲಾಳಿಗೆ ನಾಟಿತು. ಧಾರೆಯ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದು ಎದುರಿಗಿದ್ದವಳು ಅವಳೇ. ಎಣ್ಣೆಗಪ್ಪಿನ ಆ ಮುಖ ಎಷ್ಟು ಕಳೆಕಳೆಯಾಗಿತ್ತೆಂದು ಅವಳಿಗೆ ಗೊತ್ತಿತ್ತು.

“ನಿನ್ ಬಣ್ಣದ್ದೇನೂ ತಪ್ಪಿಲ್ಲ ಕಣವ್ವ. ತಪ್ಪು ನನ್ ಕಡೆನೇ ಎಲ್ಲೋ ಐತೆ. ಮುಂದಿನ ವಾರ ಬನ್ನಿ, ಸರಿ ಮಾಡ್ಕೊಡ್ತೀನಿ.”

ಚಂದ್ರಕಲಾಳ ತಮ್ಮ ಶಶಿ ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ. ವಿಷಯ ಕೇಳಿ, ಅಲ್ಲಿಂದ ಬಣ್ಣ ಅಳೆಯುವ ಪುಟ್ಟ ಮೀಟರೊಂದನ್ನು ತಂದ.

“ನಿನ್ ಸ್ಕ್ರೀನು ನೀಲಿ ಜಾಸ್ತಿ ತೋರಿಸ್ತೈತೆ ಕಣಕ್ಕ. ಅದನ್ನ ಸರಿ ಮಾಡಕೋಗಿ ನೀನು ಹಳದಿ ಸುರೀತಿದ್ದೀಯ. ಬೆಳಕೂ ಅತಿಯಾಗೈತೆ, ಅದ್ನ ನೋಡಿ ನೀನು ಫೋಟೋನ ಕಪ್ಪು ಮಾಡ್ತೀಯ, ಅದ್ಕೇ ಪ್ರಿಂಟು ಮಂಕು.”

ಪರದೆಯ ಬೆಳಕು ತಗ್ಗಿಸಿ, ಮೀಟರನ್ನು ಅದಕ್ಕೆ ಒರಗಿಸಿ ಇಳಿಬಿಟ್ಟ. ಕೆಂಪು, ಹಸಿರು, ನೀಲಿ, ಬೂದಿ ಬಣ್ಣಗಳು ಒಂದಾದ ಮೇಲೊಂದು ಮೂಡಿ ಮರೆಯಾದವು. ಮೀಟರು ಒಂದೊಂದನ್ನೂ ಅಳೆದು, ಪರದೆ ಎಲ್ಲೆಲ್ಲಿ ದಾರಿ ತಪ್ಪುತ್ತಿದೆಯೆಂದು ಕಂಡುಕೊಂಡು, ತಿದ್ದುಪಡಿಯನ್ನು ಲ್ಯಾಪ್‌ಟಾಪಿಗೆ ಒಪ್ಪಿಸಿತು. ಎಲ್ಲ ಮುಗಿದಾಗ ಪರದೆ ಕಂದಿದಂತೆ ಕಂಡಿತು.

“ಇದ್ದದ್ದನ್ನೂ ಕೆಡಿಸ್ಬುಟ್ಟಲ್ಲೋ!”

“ಕಣ್ಣು ಒಗ್ಗಬೇಕು, ತಡಿ. ಬೆಳಿಗ್ಗೆ ನೋಡು.”

ಬೆಳಿಗ್ಗೆ ಅನುಶ್ರೀಯ ಫೋಟೋ ತೆರೆದವಳು ಗಟ್ಟಿಯಾಗಿ ನಕ್ಕುಬಿಟ್ಟಳು. ಯಶೋದಮ್ಮ ಹೇಳಿದ ಕಾಮಾಲೆ ಈಗ ಪರದೆಯ ಮೇಲೇ ಇತ್ತು! ಕಣ್ಣಿಗೆ ಕಂಡ ತಪ್ಪನ್ನು ತಿದ್ದುವುದು ಅವಳಿಗೇನು ಕಷ್ಟ? ತಾನು ಸುರಿದಿದ್ದ ಹಳದಿಯನ್ನು ತೆಗೆದು, ತಗ್ಗಿಸಿದ್ದ ಬೆಳಕನ್ನು ಮೊದಲಿನಂತೆ ಮಾಡಿದಳು. ಮುಖವನ್ನು ಮಾತ್ರ ಬೆಳ್ಳಗೆ ಮಾಡಲಿಲ್ಲ. ಮೊದಲು ಒಂದೇ ಹಾಳೆ ಪ್ರಿಂಟು ಹಾಕಿಸಿ ಪರದೆಯ ಪಕ್ಕ ಹಿಡಿದಳು. ಎರಡೂ ಒಂದೇ. ಆಮೇಲೆ ಧೈರ್ಯವಾಗಿ ಇಡೀ ಆಲ್ಬಮ್ಮನ್ನು ಕಳಿಸಿದಳು.

ಹೊಸ ಆಲ್ಬಮ್ ಬಿಚ್ಚಿದ ಅನುಶ್ರೀ ಒಂದೊಂದೇ ಹಾಳೆ ತಿರುವುತ್ತಾ ಹೋದಳು. ಯಶೋದಮ್ಮ ಬಗ್ಗಿ ನೋಡಿ, “ಅಯ್ಯೋ, ಥೇಟು ನಮ್ಮತ್ತೆ ಕಣವ್ವ. ಅವ್ರದೂ ಇದೇ ಬಣ್ಣ, ಇದೇ ಕಳೆ,” ಎಂದರು. ಬೆಳ್ಳಗೆ ಮಾಡುವ ಮಾತನ್ನೇ ಎತ್ತಲಿಲ್ಲ.

ಅನುಶ್ರೀ ಧಾರೆಯ ಫೋಟೋದ ಮೇಲೆ ಬೆರಳಿಟ್ಟು ಕೇಳಿದಳು: “ಅಕ್ಕ, ಇದನ್ನ ದೊಡ್ಡದು ಮಾಡ್ಕೊಡ್ತೀರಾ? ನಮ್ಮನೆ ಹಾಲ್‌ನಾಗೆ ಹಾಕ್ತೀನಿ. ಬಂದೋರ್ಗೆಲ್ಲ ಕಾಣ್ಲಿ.”